ಗೋಡೆಯ ಮೇಲಿನ ‘ನ್ನು’

ನಮ್ಮ ಕ್ರೈಸ್ತ ಸಭೆಯ ಹೊಸ ಪ್ರಾರ್ಥನಾಲಯದ ಗೋಡೆಯ ಮೇಲೆ ಒಂದು ಸಾಲು ಬರೆಸೋಣವೆಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಏನು ಬರೆಸುವುದು ಎಂಬ ಪ್ರಶ್ನೆ ಬಂದದ್ದೇ ತಡ, ತಟ್ಟಿದ ಕೈಗಳೇ ಮುಷ್ಟಿಯಾದವು.

“ದೇವರು ಆರಿಸಿದ ಜನ,” ಎಂದರು ಪಾದ್ರಿಗಳು. ಲೋಕ ಹುಟ್ಟುವ ಮೊದಲೇ ಯಾರು ರಕ್ಷಣೆ ಹೊಂದಬೇಕೆಂದು ಆತ ಆರಿಸಿಯಾಗಿದೆ, ಇದರಲ್ಲಿ ಮನುಷ್ಯನದೇನಿದೆ ಮಣ್ಣು?

ನಿವೃತ್ತ ಹೆಡ್‌ಮಾಸ್ಟರು ಎದ್ದು ನಿಂತರು. “ದೇವರನ್ನು ಆರಿಸಿದ ಜನ ಅಂತಿರಲಿ ಅಯ್ಯನವರೇ. ಬಾಗಿಲು ತೆರೆಯೋದು ಆತ, ಒಳಗೆ ಕಾಲಿಡೋದು ನಮ್ಮಿಷ್ಟ. ಇಲ್ದಿದ್ರೆ ನಾವೇನು ಕೀಲುಗೊಂಬೆಗಳಾ?”

ಹೀಗೆ ದೊಡ್ಡ ದೊಡ್ಡ ಪಂಡಿತರು ಶತಮಾನಗಟ್ಟಲೆ ಗುದ್ದಾಡಿಯೂ ಮುಗಿಯದ ಜಗಳ ನಮ್ಮಲ್ಲಿ ಒಂದು ವಿಭಕ್ತಿ ಪ್ರತ್ಯಯಕ್ಕೆ ಬಂದು ನಿಂತಿತು. ‘ನ್ನು’ ಬೇಕೋ, ಬೇಡವೋ? ನಾನು ಸಭೆಯ ಕಾರ್ಯದರ್ಶಿ. ಅಂದರೆ ಕುರ್ಚಿ ಜೋಡಿಸುವವನು. ನನ್ನನ್ನು ಯಾರೂ ಕೇಳಲಿಲ್ಲ.

ಈ ಜಗಳದ ನಡುವೆ, ಅಕ್ಷರಶಃ ಏಣಿಯ ಮೇಲೆ, ಸಿಕ್ಕಿಕೊಂಡವರು ಬೋರ್ಡಣ್ಣ. ನಮ್ಮ ಬೀದಿಗಳ ಅರ್ಧಕ್ಕರ್ಧ ಬೋರ್ಡು ಅವರ ಕೈಯದೇ. ಕಿವಿಯ ಹಿಂದೆ ಸದಾ ಒಂದು ಕುಂಚ, ಮೊಣಕೈಗೆ ಎಂದೂ ಹೋಗದ ನೀಲಿ. ಅಕ್ಷರಗಳನ್ನು ಅವರು ನೆಂಟರ ಹಾಗೆ ಕಾಣುತ್ತಾರೆ. “ಆ ಔಷಧಿ ಅಂಗಡಿ ‘ಷ’ಗೆ ಹೊಟ್ಟೆ ಬಂದಿದೆ ನೋಡಿ, ನಿಮ್ಮ ಹಾಗೇ,” ಎಂದು ನನಗೇ ಹೇಳಿದ್ದುಂಟು.

ಅವರ ಹೆಂಡತಿ ದರ್ಜಿ, ಹುಟ್ಟಿದಂದಿನಿಂದ ಸಭೆಯವರು, ಕೂರುವುದು ಮುಂದಿನ ಬೆಂಚಿನಲ್ಲಿ. ಬೋರ್ಡಣ್ಣ ತಡವಾಗಿ ಬಂದವರು, ಹಿಂದಿನ ಬೆಂಚು. ಕರ್ತನ ಭೋಜನದ ದಿನ, ಯೇಸುವಿನ ನೆನಪಿಗೆ ಎಲ್ಲರೂ ಒಂದೊಂದು ತುಂಡು ರೊಟ್ಟಿ ತಿನ್ನುವಾಗ, ರೊಟ್ಟಿಯ ತಟ್ಟೆ ಅವರ ಮೂಗಿನ ಕೆಳಗೇ ಹಾದು ಪಕ್ಕದವರಿಗೆ ಹೋಗುತ್ತದೆ. “ಒಂದೇ ಒಂದು ಸಲ ಅವಳ ಪಕ್ಕ ಕೂತು ಆ ತುಂಡು ತಿನ್ಬೇಕು ಕಾರ್ಯದರ್ಶಿಗಳೇ. ಇನ್ನೇನೂ ಬೇಡ,” ಎನ್ನುತ್ತಿದ್ದರು.

ಅದಕ್ಕೆ ಸದಸ್ಯರಾಗಬೇಕು. ಸದಸ್ಯರಾಗಲು ಸಭೆಯ ಹಿರಿಯರಾದ ಪಾದ್ರಿಗಳೂ ಹೆಡ್‌ಮಾಸ್ಟರೂ ಇಬ್ಬರೂ ಹೂಂ ಅನ್ನಬೇಕು. ಮೊದಲ ಸಲ ಹೋದಾಗ ಪಾದ್ರಿಗಳು, “ಆತ ನಿಮ್ಮನ್ನು ಕರೆದದ್ದು ಯಾವಾಗ?” ಎಂದರು. ಹೆಡ್‌ಮಾಸ್ಟರು, “ನೀವಾಗಿ ಮನಸ್ಸು ಮಾಡಿದ್ದು ಯಾವಾಗ?” ಎಂದರು. “ಮೊದಲು ಯಾವುದಾಯ್ತೋ ನನಗೆ ತಿಳೀಲಿಲ್ಲ,” ಎಂದರು ಬೋರ್ಡಣ್ಣ. ತಿಳಿದುಕೊಂಡು ಬನ್ನಿ ಎಂದು ಕಳಿಸಿದರು.

ಗೋಡೆಯ ಕೆಲಸವಂತೂ ನಿಲ್ಲುವಂತಿರಲಿಲ್ಲ. ಸದ್ಯಕ್ಕೆ ತಕರಾರಿನ ಜಾಗ ಖಾಲಿ ಬಿಡಿ ಎಂದಾಯಿತು. ಬೋರ್ಡಣ್ಣ ‘ದೇವ’ ಬರೆದು, ಜಾಗ ಬಿಟ್ಟು, ‘ಆರಿಸಿದ ಜನ’ ಬರೆದರು. ಹೆಡ್‌ಮಾಸ್ಟರು ಕೆಂಡವಾದರು. “ದೇವ ಆರಿಸಿದ ಜನ! ಇದು ಅವರ ಪಕ್ಷವೇ ಆಯ್ತಲ್ರೀ!” ಬೋರ್ಡಣ್ಣ ಒಂದು ‘ರ’ ಸೇರಿಸಿದರು. ಪಾದ್ರಿಗಳು ಕನ್ನಡಕ ಏರಿಸಿ, “ದೇವರ ಆರಿಸಿದ... ಹಳೇ ಪದ್ಯದಲ್ಲಿ ದೇವರ ಅಂದ್ರೆ ದೇವರನ್ನು ಅಂತಲೇ ಅರ್ಥ. ಒಪ್ಪೋದಿಲ್ಲ,” ಎಂದರು. ಕೊನೆಗೆ ದೇವರನ್ನೇ ಅಳಿಸಿ ಹಾಕಿದ್ದಾಯಿತು. ಉಳಿದದ್ದು ‘ಆರಿಸಿದ ಜನ’. ದಾರಿಹೋಕನೊಬ್ಬ ಒಳಗೆ ಇಣುಕಿ, “ಇದು ಬೆಂಕಿ ಆರಿಸೋರ ಆಫೀಸಾ ಸಾರ್?” ಎಂದು ಕೇಳಿದ.

ನಾನು ಪ್ಯಾಂಟಿನ ಸೊಂಟ ಸಡಿಲಿಸಿಕೊಳ್ಳಲು ದರ್ಜಿಯಮ್ಮನಲ್ಲಿಗೆ ಹೋದ ಸಂಜೆ ಬೋರ್ಡಣ್ಣ ಅಲ್ಲೇ ಕೂತು ತಲೆ ಕೆರೆಯುತ್ತಿದ್ದರು.

“ಲೇ, ನಮ್ಮ ಮದುವೆ ವಿಷಯವೇ ತಗೋ. ಯಾರು ಯಾರನ್ನ ಆರಿಸಿದ್ದು?”

ಆಕೆ ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. “ನಾನೇ. ನೀವು ನಮ್ಮಪ್ಪನ ಅಂಗಡಿ ಬೋರ್ಡು ಬರೆದು ಹೋದ್ರಲ್ಲ, ‘ಹೊಲಿಗೆ’ಯ ‘ಗೆ’ ಸೊಟ್ಟಗಿದೆ, ಕರೆಸಿ ಅಂತ ಅಪ್ಪನ ಬೆನ್ನು ಹತ್ತಿದೆ. ಸರಿ ಮಾಡಿದ್ರಿ. ಇನ್ನೂ ಸೊಟ್ಟ ಅಂದೆ. ಮತ್ತೆ ಬಂದ್ರಿ, ಪಾಪ.”

“ಪಾಪ ಯಾಕೆ? ನಾನು ಬೇಕಂತಲೇ ಸೊಟ್ಟ ಬರೆದಿದ್ದೆ!”

ಯಂತ್ರ ನಿಂತಿತು. “ಬೇಕಂತಲೇ?”

“ಮತ್ತೆ ನಿನ್ನನ್ನ ನೋಡೋಕೆ ನೆಪ ಬೇಡ್ವಾ?”

“ಅಲ್ರೀ, ನೆಟ್ಟಗಿದ್ದಿದ್ರೂ ನಾನು ಸೊಟ್ಟ ಅಂತಲೇ ಅಂತಿದ್ದೆ!”

ಇಬ್ಬರೂ ಹೊಸಬರನ್ನು ಕಂಡ ಹಾಗೆ ಒಬ್ಬರನ್ನೊಬ್ಬರು ನೋಡಿದರು. ನನ್ನ ಪ್ಯಾಂಟು ಅವತ್ತು ಆಗಲಿಲ್ಲ.

ಎರಡನೇ ಸಲ ಬೋರ್ಡಣ್ಣ ಹಿರಿಯರ ಮುಂದೆ ಕೂತು ಈ ಕಥೆಯನ್ನೇ ಹೇಳಿದರು. “ಹಾಗೇ ಇಲ್ಲೂ. ಯಾರೋ ಕರೆಸಿದ ಹಾಗಿತ್ತು, ನಾನೂ ಬರೋಕೆ ನೆಪ ಹುಡುಕ್ತಿದ್ದೆ. ಮೊದಲು ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ. ತಿಳಿದಿದ್ರೆ ನೀವೇ ಹೇಳಿ.”

ಪಾದ್ರಿಗಳು ಕನ್ನಡಕ ತೆಗೆದು ಒರೆಸಿದರು, ಹೆಡ್‌ಮಾಸ್ಟರು ಕುರ್ಚಿ ಮುಂದಕ್ಕೆಳೆದುಕೊಂಡರು. ಇಬ್ಬರೂ ಮೆತ್ತಗಾದರೆಂದು ನಾನು ತಿಳಿದೆ. ನನ್ನ ತಿಳುವಳಿಕೆ ಅಷ್ಟೇ.

“ಕೇಳಿದ್ರಾ ಮೇಷ್ಟ್ರೇ!” ಪಾದ್ರಿಗಳು ಮೇಜು ಕುಟ್ಟಿದರು. “ಅಕ್ಷರ ಹೇಗಿದ್ರೂ ಕರೆಸೋದು ಅಂತ ಆಕೆ ಮೊದಲೇ ನಿಶ್ಚಯಿಸಿದ್ದಳು! ನನ್ನ ಒಪ್ಪಿಗೆ ಇದೆ.”

“ನೀವು ಕೇಳಿದ್ರಾ ಅಯ್ಯನವರೇ! ಬೇಕಂತಲೇ ಸೊಟ್ಟ ಬರೆದ್ರಂತೆ, ಸ್ವಂತ ಇಷ್ಟದಿಂದ! ನನ್ನದೂ ಒಪ್ಪಿಗೆ.”

ಅವರಿಬ್ಬರೂ ಒಂದೇ ಮಾತಿಗೆ ಹೂಂ ಅಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಒಬ್ಬೊಬ್ಬರೂ ತಾನೇ ಇನ್ನೊಬ್ಬರನ್ನು ಸೋಲಿಸಿದೆನೆಂದು ನಂಬಿ ಎದ್ದು ಹೋದರು.

ಭೋಜನದ ಭಾನುವಾರ ಬೋರ್ಡಣ್ಣ ಮುಂದಿನ ಬೆಂಚಿನಲ್ಲಿ, ಹೆಂಡತಿಯ ಪಕ್ಕ ಕೂತರು. ತಟ್ಟೆ ಬಂದಾಗ ಕೈ ಚಾಚಲು ಮರೆತರು. ಆಕೆ ಮೊಣಕೈಯಲ್ಲಿ ತಿವಿದರು. ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದವರು ಎಷ್ಟೋ ಹೊತ್ತು ತೆರೆಯಲೇ ಇಲ್ಲ.

ತೆರೆದಾಗ ಆಕೆ ಗೋಡೆ ನೋಡುತ್ತಿದ್ದರು. “ರೀ, ಆ ‘ಜ’ ಸೊಟ್ಟಗಿದೆ,” ಎಂದು ಪಿಸುಗುಟ್ಟಿದರು.

“ಹೌದಾ?” ಬೋರ್ಡಣ್ಣನ ಮುಖ ಅರಳಿತು. “ಹಾಗಾದ್ರೆ ಮತ್ತೆ ಬರ್ಬೇಕಾಯ್ತು.”

ಅವರ ಹಿಂದೆಯೇ ಕೂತಿದ್ದ ನಾನು ತಲೆ ಓರೆ ಮಾಡಿ ‘ಜ’ವನ್ನು ನೋಡಿದೆ. ನನಗಂತೂ ನೆಟ್ಟಗೇ ಕಂಡಿತು.