ಅಟ್ಟ ಹತ್ತಿದ ಆಂಥೂರಿಯಂ

ನನಗೆ ಒಂದು ಗಿಡದ ಮೇಲೆ ಹೊಟ್ಟೆಕಿಚ್ಚು. ಇಷ್ಟು ನೇರವಾಗಿ ಹೇಳಿಬಿಟ್ಟರೆ ನೀವು ನಗುತ್ತೀರಿ ಎಂದು ಗೊತ್ತು, ನಗಿ. ಎದುರು ಮನೆಯವರ ಕಾರು ಕಂಡು ಕರುಬುವವರು, ಷಡ್ಡಕನ ತೋಟ ಕಂಡು ಕರುಬುವವರು ನಮ್ಮ ತಿಪಟೂರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಸಂಜೆ ಅವರೆಲ್ಲ ಒಂದು ಕಡೆ ಸೇರಿ ಕಷ್ಟಸುಖ ಹಂಚಿಕೊಳ್ಳಬಹುದು. ಕುಂಡದಲ್ಲಿ ಕೂತ ಆಂಥೂರಿಯಂ ಕಂಡು ಕರುಬುವ ಕೊಬ್ಬರಿ ವ್ಯಾಪಾರಿ ಬಹುಶಃ ನಾನೊಬ್ಬನೇ, ಹಾಗಾಗಿ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ಅದನ್ನು ನರ್ಸರಿಯಿಂದ ತಂದವಳು ನನ್ನ ಹೆಂಡತಿ ಗಿರಿಜ. ಹೂವು ಕೆಂಪಗೆ ಎಷ್ಟು ಹೊಳೆಯುತ್ತದೆ ಎಂದರೆ ಮನೆಗೆ ಬಂದವರೆಲ್ಲ ಪ್ಲಾಸ್ಟಿಕ್ಕೋ ಏನೋ ಎಂದು ಒಮ್ಮೆ ಚಿವುಟಿಯೇ ನೋಡುತ್ತಾರೆ. ಸಾಹೇಬರಿಗೆ ಮಣ್ಣು ಒಗ್ಗುವುದಿಲ್ಲ. ತೆಂಗಿನ ಸಿಪ್ಪೆಯ ಚೂರುಗಳೇ ಆಗಬೇಕು. ಅಂದರೆ ನನ್ನ ತೋಟದ ಸಿಪ್ಪೆಯನ್ನೇ ಹಾಸಿಕೊಂಡು, ನನ್ನ ಮನೆಯ ಹಜಾರದಲ್ಲೇ ಕೂತು, ನನ್ನ ಹೆಂಡತಿಯ ಕೈಯಲ್ಲೇ ಸೇವೆ ಮಾಡಿಸಿಕೊಳ್ಳುತ್ತದೆ. ಅದರ ಎಲೆಗಳನ್ನು ಅವಳು ಒದ್ದೆ ಹತ್ತಿಯಿಂದ ಒಂದೊಂದಾಗಿ ಒರೆಸುತ್ತಾಳೆ. ನನ್ನ ಕನ್ನಡಕ ಒಂಚೂರು ಒರೆಸಿಕೊಡು ಎಂದರೆ, "ಪಂಚೆ ಉಟ್ಕೊಂಡಿಲ್ವಾ?" ಎನ್ನುತ್ತಾಳೆ.

ನಮ್ಮ ಊರಿನ ಚಳಿ ದೊಡ್ಡ ಚಳಿಯೇನಲ್ಲ. ಹಿಮ ಬೀಳುವ ಊರಿನವರು ಕೇಳಿದರೆ ಅಂಗಿ ಬಿಚ್ಚಿ ಗಾಳಿ ಹಾಕಿಕೊಂಡಾರು. ಆದರೂ ಸಂಕ್ರಾಂತಿಗೆ ಮುಂಚಿನ ಬೆಳಗುಗಳಲ್ಲಿ ನಾವು ಮಂಕಿ ಕ್ಯಾಪು, ಮಫ್ಲರು ಎಂದು ಮೂಗೊಂದು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿಕೊಂಡು ಓಡಾಡುವವರೇ. ಆಂಥೂರಿಯಂಗೆ ಈ ಚಳಿ ಆಗಿಬರುವುದಿಲ್ಲವೆಂದು ಗಿರಿಜ ಅದರ ನೆತ್ತಿಯ ಮೇಲೆ ಹಳೆಯ ಕಾಲದ ಹಳದಿ ಬಲ್ಬೊಂದನ್ನು ಇಳಿಬಿಟ್ಟಿದ್ದಳು. ಕೋಳಿಮರಿಗೆ ಮಾಡುತ್ತಾರಲ್ಲ, ಹಾಗೆ. ಈ ವರ್ಷ ಆದದ್ದೇನೆಂದರೆ, ನಮ್ಮ ಬೀದಿಯವರೆಲ್ಲ ಬೆಳಗ್ಗೆ ಒಂದೇ ಹೊತ್ತಿಗೆ ಗೀಸರ್ ಹಾಕಿದ್ದಕ್ಕೋ ಏನೋ, ಮೂಲೆಯ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರು, ಢಂ ಎಂದು ಸುಟ್ಟುಹೋಯಿತು. ಲೈನ್‌ಮನ್ ಬಂದು ಕತ್ತೆತ್ತಿ ನೋಡಿದ. "ಹೊಸದು ತುಮಕೂರಿಂದ ಬರ್ಬೇಕು ಕಣ್ರೀ, ಇವತ್ತು ನಾಳೆ" ಎಂದು ಹೋದ. ಆ ಇವತ್ತು ನಾಳೆ ಬಹಳ ದಿನ ನಡೆಯಿತು.

ಬಲ್ಬಿಲ್ಲ, ಗೀಸರಿಲ್ಲ. ಮನೆಯ ಮುಂಭಾಗಕ್ಕೆ ನಾನು ಆಸೆಪಟ್ಟು ಟೈಲ್ಸ್ ಹಾಕಿಸಿದ್ದೇನೆ. ಬರಿಗಾಲಿಟ್ಟರೆ ಕಾಲು ತಾನಾಗಿ ಮೇಲಕ್ಕೆ ಬರುತ್ತದೆ. ಹಿಂಭಾಗದ ಬಚ್ಚಲುಮನೆ ಮಾತ್ರ ಹಳೆಯದು: ಹೆಂಚಿನ ಸೂರು, ತಾಮ್ರದ ಹಂಡೆ, ಅದರ ಒಲೆ, ಮೇಲೆ ಕೊಬ್ಬರಿ ಅಟ್ಟ. ಕರಟ ಹಾಕಿ ಒಲೆ ಹೊತ್ತಿಸಿದೆವು. ಹಂಡೆಯ ಪಕ್ಕ ಎರಡು ಮಣೆ ಹಾಕುವಷ್ಟು ಜಾಗವಿದೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಅಲ್ಲಿ ಕೂತು ಬೆಂಕಿ ಕಾಯಿಸಿದ್ದು ನೆನಪಾಗಿ, ನಾನು ಕಂಬಳಿ ಹೊದ್ದು ಸಂಭ್ರಮದಿಂದಲೇ ಹೋದೆ. ನೋಡಿದರೆ ಒಂದು ಮಣೆಯ ಮೇಲೆ ಗಿರಿಜ, ಇನ್ನೊಂದರ ಮೇಲೆ ಆಂಥೂರಿಯಂ. ಕುಂಡದ ಬುಡಕ್ಕೆ ನನ್ನ ಮಂಡಿನೋವಿನ ಬಿಸಿನೀರಿನ ಬ್ಯಾಗು.

"ಅದುಕ್ಕೆ ಮಾತಾಡಕ್ಕೆ ಬರಲ್ಲ ಕಣ್ರೀ. ನಿಮ್ಗಾದ್ರೆ ಬಾಯೈತೆ" ಎಂದಳು.

ಬಾಯಿದ್ದು ಏನು ಬಂತು! ಬಾಗಿಲಲ್ಲಿ ನಿಂತು ನೋಡಿದೆ. ಹೊಟ್ಟೆ ಉರಿಯಿತು ಎಂದರೆ ಕಡಿಮೆ. ಒಂದು ಹೂವಿಗಾಗಿ ಸವತಿಯರು ಜಗಳವಾಡಿದ ಕಥೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ಹೂವೇ ಸವತಿಯಾದರೆ ಗಂಡಸು ಎಲ್ಲಿಗೆ ಹೋಗಬೇಕು ಎಂಬುದನ್ನು ಯಾವ ಪುರಾಣಿಕನೂ ಹೇಳಿದ ಹಾಗಿಲ್ಲ. ಅದು ಹಾಳಾಗಿ ಹೋಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಿಮ್ಮ ಮುಂದೆ ಮುಚ್ಚುಮರೆ ಯಾಕೆ.

ಹಾಗೆ ಅಂದುಕೊಂಡದ್ದಕ್ಕೇ ಶಿವ ನನ್ನನ್ನು ಸಿಕ್ಕಿಸಿದ. ಅರಳಗುಪ್ಪೆಯಲ್ಲಿ ಗಿರಿಜಳ ಅಕ್ಕನ ಮಗಳಿಗೆ ಬಳೆ ತೊಡಿಸುವ ಶಾಸ್ತ್ರ. ಕರೆಂಟು ಇನ್ನೂ ಬಂದಿರಲಿಲ್ಲ. ಬ್ಯಾಗು ಹಿಡಿದು ಹೊಸಿಲು ದಾಟುವಾಗ, "ಸಾರೈತೆ, ಬಿಸಿ ಮಾಡ್ಕಳಿ" ಎಂದು ನನ್ನ ವಿಷಯ ಒಂದೇ ಉಸಿರಿಗೆ ಮುಗಿಸಿದಳು. ಗಿಡದ ವಿಷಯ ಗೇಟಿನವರೆಗೂ ಬಂತು. ಕೊನೆಗೆ ತಿರುಗಿ ನಿಂತು, "ನಿಮ್ಗೆ ಅದುನ್ ಕಂಡ್ರೆ ಆಗಲ್ಲ, ಗೊತ್ತು ನಂಗೆ. ಏನಾರ ಆಯ್ತೋ, ನೀವೇ ಮಾಡಿದ್ದು ಅಂದ್ಕತೀನಿ" ಎಂದಳು.

ನೋಡಿ ನನ್ನ ಫಜೀತಿ. ಅದು ತನ್ನಷ್ಟಕ್ಕೆ ತಾನು ಸತ್ತರೂ ಕೊಂದವನು ನಾನು. ಊರಲ್ಲಿ ಯಾರಾದರೂ ಆ ಗಿಡವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಾಗಿದ್ದರೆ, ಅದನ್ನು ಕಂಡರಾಗದ ನಾನೇ ಕಾಯಬೇಕಾಗಿತ್ತು.

ಇಲ್ಲಿ ಅಟ್ಟದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡುತ್ತೇವೆ. ಕೆಳಗೆ ಒಲೆ, ಮೇಲೆ ಹೊಗೆ, ಹೊಗೆಯ ಜೊತೆ ಹಿತವಾದ ಕಾವು. ಹೆಚ್ಚುಕಡಿಮೆ ಒಂದು ವರ್ಷವಾಗುವಷ್ಟರಲ್ಲಿ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಅದು ಕೊಬ್ಬರಿ. ಹೀಗೆ ಬೆಳೆದವರಿಗೆ ಅಟ್ಟದ ಮೇಲೆ ಒಂದು ಕುರುಡು ನಂಬಿಕೆ. ಬಿತ್ತನೆ ಬೀಜವಿರಲಿ, ಹುಣಸೆಹಣ್ಣಿರಲಿ, ಮಕ್ಕಳು ಮಲಗಿ ಬಿಟ್ಟ ತೊಟ್ಟಿಲಿರಲಿ, ಜೋಪಾನ ಮಾಡಬೇಕಾದದ್ದನ್ನೆಲ್ಲ ಅಲ್ಲಿಗೆ ಏರಿಸುತ್ತೇವೆ. ನಾನೂ ಸಂಜೆ ಒಲೆಗೆ ಎರಡು ಹಿಡಿ ಕರಟ ಹೆಚ್ಚಾಗಿಯೇ ಹಾಕಿ, ಏಣಿ ಇಟ್ಟು, ಆಂಥೂರಿಯಮ್ಮನ್ನು ಕಾಯಿಗಳ ನಡುವೆ ಕೂರಿಸಿ ಬಂದೆ. ಮನೆಯಲ್ಲಿ ಅದಕ್ಕಿಂತ ಬೆಚ್ಚನೆಯ ಜಾಗವಿರಲಿಲ್ಲ. ಅಲ್ಲಿಗೆ ನಾನೇ ಹತ್ತಿ ಮಲಗಿದರೆ ಹೇಗೆ ಎಂದೂ ಒಂದು ಗಳಿಗೆ ಯೋಚಿಸಿದೆ.

ಬೆಳಗ್ಗೆ ಇಳಿಸಿದಾಗ ಎಲೆಗಳು ಜೋತುಬಿದ್ದಿದ್ದವು. ಅಂಚುಗಳು ಸುರುಟಿಕೊಂಡಿದ್ದವು. ಆಗ ನಾನು ಮಾಡಿದ್ದನ್ನು ತಿಪಟೂರಿನವನಲ್ಲದೆ ಬೇರೆ ಯಾರೂ ಮಾಡಲಾರರು: ಅಂಗಳದಲ್ಲಿ ನಿಂತು ಕುಂಡವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಅಟ್ಟದಿಂದ ಇಳಿದದ್ದನ್ನೆಲ್ಲ ಹಾಗೆ ಅಲ್ಲಾಡಿಸಿ ಅಲ್ಲಾಡಿಸಿ ಕೈಗೆ ಅಭ್ಯಾಸ. ಒಣಗಿದ ಸಿಪ್ಪೆಯ ಚೂರುಗಳು ಚರಚರ ಎಂದವು. ಕಾಂಪೌಂಡಿನ ಆಚೆಯಿಂದ ನನ್ನ ಬಾಲ್ಯದ ಗೆಳೆಯ ಪುಟ್ಟಸ್ವಾಮಿ ಕತ್ತು ಹಾಕಿ ನೋಡಿದ.

"ಏನ್ಲಾ ಅದು, ಹೂವಿನ್ ಕುಂಡ ಅಲ್ಲಾಡುಸ್ತಾ ಇದೀಯ? ಕೊಬ್ರಿ ಆಗೈತಾ?"

ಅಟ್ಟ ಬೆಚ್ಚಗಿಡುವುದೇ ಒಣಗಿಸುವುದಕ್ಕೆ ಎಂಬುದು, ಹುಟ್ಟಿದಾಗಿನಿಂದ ಅದರ ಕೆಳಗೇ ಮಿಂದವನಿಗೆ ಹೊಳೆಯಲಿಲ್ಲ.

ಆಮೇಲೆ ನಾನು ಕೊಬ್ಬರಿ ಮಂಡಿಯ ವ್ಯಾಪಾರದ ಕಡೆ ತಲೆ ಹಾಕಲಿಲ್ಲ. ಸಿಪ್ಪೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದೆ. ಎಲೆಗಳ ಮೇಲಿನ ಮಸಿಯನ್ನು ಹತ್ತಿಯಲ್ಲಿ ಒರೆಸಿದೆ, ಹೌದು, ಒಂದೊಂದಾಗಿಯೇ. ಹಂಡೆಯ ಪಕ್ಕದ ಮಣೆಯ ಮೇಲೆ ಹೊಗೆ ತಾಗದ ಹಾಗೆ ಕೂರಿಸಿ, ನನ್ನ ಕಂಬಳಿಯನ್ನು ಅದಕ್ಕೂ ಎಳೆದು, ಬಿಸಿನೀರಿನ ಬ್ಯಾಗನ್ನು ನಾನಾಗಿಯೇ ಬುಡಕ್ಕೆ ಇಟ್ಟೆ. ಕೆಲಸವಿಲ್ಲದೆ ಕೂತವನು ಮಾತಾಡದೆ ಇರುವುದಾದರೂ ಹೇಗೆ? ಗಿರಿಜಳ ಮೇಲಿನ ದೂರುಗಳನ್ನೆಲ್ಲ ಅದಕ್ಕೆ ಹೇಳಿದೆ. ನಡುವೆ ಬಾಯಿ ಹಾಕದೆ ಕೇಳಿತು. ಅವಳು ಫೋನು ಮಾಡಿ "ಹೆಂಗೈತೆ?" ಎಂದಾಗ, ಯಾರು, ನಾನೋ ಗಿಡವೋ ಎಂದು ಕೇಳುವಷ್ಟು ಕೂಡ ನನಗೆ ಸಿಟ್ಟು ಬರಲಿಲ್ಲ. "ಉಂಡ್ಕೊಂಡು ಚೆನ್ನಾಗೈತೆ" ಎಂದೆ. ಒಂದು ಎಲೆ ಹಳದಿಯಾಗಿ ಉದುರಿತು. ಉಳಿದವು ಮೆಲ್ಲಗೆ ತಲೆ ಎತ್ತಿದವು.

ಬರುತ್ತೇನೆಂದ ದಿನಕ್ಕೆ ಮುಂಚೆಯೇ ಗಿರಿಜ ಸಂಜೆ ಬಸ್ಸಿಗೆ ಬಂದುಬಿಟ್ಟಳು. ನಾನೂ ಆಂಥೂರಿಯಮ್ಮೂ ಒಂದೇ ಕಂಬಳಿಯಲ್ಲಿ ಕೂತಿದ್ದೆವು. ಅವಳು ಬಚ್ಚಲ ಬಾಗಿಲಲ್ಲಿ, ಅಂದು ನಾನು ನಿಂತಿದ್ದ ಜಾಗದಲ್ಲೇ, ನಿಂತಳು. ಉದುರಿದ ಎಲೆಗೆ ಏನು ಸಬೂಬು ಹೇಳಲಿ ಎಂದು ನಾನು ತಡಕಾಡುತ್ತಿದ್ದೆ. ಅವಳು ಎಲೆಯ ಕಡೆ ನೋಡಲೇ ಇಲ್ಲ. ಕಂಬಳಿಯ ಕಡೆ ನೋಡಿದಳು.

"ನಂಗೆ ಜ್ವರ ಬಂದಾಗ್ಲೂ, ಕಂಬ್ಳಿ ಎಲ್ಲೈತೆ ಅಂತ ನನ್ನೇ ಕೇಳಿದ್ರಿ" ಎಂದಳು.

ಆ ಮುಖ ನನಗೆ ಚೆನ್ನಾಗಿ ಗೊತ್ತಿದ್ದ ಮುಖ. ಚಳಿ ಶುರುವಾದಾಗಿನಿಂದ ದಿನಾ ಕನ್ನಡಿಯಲ್ಲಿ ನೋಡುತ್ತಿದ್ದೆ. ನಾಚಿಕೆಯೂ ಆಯಿತು, ಸುಳ್ಳೇಕೆ, ಖುಷಿಯೂ ಆಯಿತು. ಎದ್ದು ಜಾಗ ಬಿಟ್ಟೆ. ಅವಳು ಕೂತಳು. ಕಂಬಳಿಯನ್ನು ಎಳೆದು ಅವಳ ಕಾಲಿನ ಮೇಲೆ ಹಾಕಿದೆ. ಅವಳು ಕುಂಡವನ್ನು ಎತ್ತಿ ಬಾಗಿಲ ಕಡೆಗೆ ಇಟ್ಟಳು. ಬುಡದಲ್ಲಿದ್ದ ಬ್ಯಾಗಿಗೆ ಹಂಡೆಯಿಂದ ಹೊಸ ಬಿಸಿನೀರು ತುಂಬಿ, ಖಾಲಿಯಾದ ಮಣೆ ತೋರಿಸಿ "ಕುಂತ್ಕಳಿ" ಎಂದಳು, ಕೂತ ಮೇಲೆ ಅದನ್ನು ನನ್ನ ಮಂಡಿಯ ಮೇಲೆ ಇಟ್ಟಳು. ಅಷ್ಟರಲ್ಲಿ ಬೀದಿಯಲ್ಲಿ "ಕರೆಂಟ್ ಬಂತು" ಎಂಬ ಗಲಾಟೆ. ಹಜಾರದ ಹಳದಿ ಬಲ್ಬು, ಗಿಡ ಕೂರುತ್ತಿದ್ದ ಖಾಲಿ ಸ್ಟೂಲಿನ ಮೇಲೆ ಉರಿಯತೊಡಗಿತು. ಗಿಡವನ್ನು ಒಳಗೆ ಒಯ್ಯಲೇ ಎಂದು ಕೇಳಿದೆ.

"ಆಮೇಲ್ ನೋಡನ ಬುಡಿ, ಒಲೆ ಇನ್ನೂ ಉರೀತೈತೆ."

ಬಾಗಿಲ ಸಂದಿನಿಂದ ಗಾಳಿ ಬರುತ್ತಿತ್ತು. ಕುಂಡ ಅಲ್ಲಿ ಒಂಟಿಯಾಗಿ, ನಮ್ಮಿಬ್ಬರ ಕಡೆಗೇ ಮುಖ ಮಾಡಿ ಕೂತಿತ್ತು. ಅದಕ್ಕೆ ಮಾತು ಬರುವುದಿಲ್ಲ ನಿಜ, ಆದರೆ ಆ ಜಾಗದಲ್ಲಿ ನಿಂತವರಿಗೆ ಒಳಗೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಕತ್ತಿನ ಮಫ್ಲರು ಬಿಚ್ಚಿ ಅದಕ್ಕೆ ಸುತ್ತಿ ಬಂದು ಕೂತೆ.