ಬ್ಯಾಡಗಿಯ ಕ್ಯಾಲೆಂಡರಿನಲ್ಲಿ ನಿಲ್ಲದ ಅಮಾವಾಸ್ಯೆ

ಕಳೆದ ವರ್ಷ ನಾನು ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ಕಚೇರಿಗಳಿಗೆ ಕಂಪ್ಯೂಟರ್ ಸೇವೆ ಒದಗಿಸುವ ಸಂಸ್ಥೆಯೊಂದರಲ್ಲಿ ಸಪೋರ್ಟ್ ಇಂಜಿನಿಯರ್ ಆಗಿದ್ದೆ. ಮೂರು ಊರಿಗೂ ನಾನೊಬ್ಬನೇ. ನಮ್ಮ ಮನೆಯಲ್ಲಿ ಪದವಿ ಪಡೆದವನೂ ನಾನೊಬ್ಬನೇ ಆದ್ದರಿಂದ, ದಿನದ ಕೆಲಸ ಹೇಗಿತ್ತೆಂದು ಫೋನಿನಲ್ಲಿ ವಿವರಿಸಲು ಹೊರಟರೆ ಅವ್ವ ಸ್ವಲ್ಪ ಹೊತ್ತು ಕೇಳಿ, ಊಟ ಆಯಿತೇ ಎನ್ನುತ್ತಿದ್ದಳು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಕಚೇರಿಯಿಂದ ಒಂದೇ ದೂರು ಮತ್ತೆ ಮತ್ತೆ ಬರುತ್ತಿತ್ತು. ಅಲ್ಲಿ ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಹೊರ ಊರಿನ ಖರೀದಿದಾರರೊಡನೆ ವಿಡಿಯೋ ಸಭೆ. ಇಮೇಲ್ ಸಾಫ್ಟ್‌ವೇರಿನ ಕ್ಯಾಲೆಂಡರಿನಲ್ಲಿ ಅದನ್ನು ಒಮ್ಮೆ ನಮೂದಿಸಿದರೆ ದಿನವೂ ತಾನೇ ಮರುಕಳಿಸುತ್ತದೆ. ಆದರೆ ಅಮಾವಾಸ್ಯೆಯ ಬೆಳಿಗ್ಗೆ ಅಂಗಡಿಪೂಜೆ. ಆ ದಿನ ಮಾತ್ರ ಸಭೆ ಸಂಜೆಗೆ.

“ಏನಪಾ, ನಿಮ್ಮ ಕಂಪ್ಯೂಟರಿಗೆ ಅಮಾಸಿ ಗೊತ್ತಿಲ್ಲೇನು?” ಎಂದರು ಕಚೇರಿಯ ಮಾಲೀಕರಾದ ಸಾಹುಕಾರರು. “ನಾ ಇಲ್ಲಿ ಕಾಯಿ ಒಡೀತಿರತೇನಿ, ಅಲ್ಲಿ ಖರೀದಿದಾರರು ಖಾಲಿ ಪರದೆ ನೋಡಕೋತ ಕುಂದರತಾರ. ಮುಂದಿನ ಅಮಾಸಿಗೂ ಹಿಂಗಾದ್ರ ಈ ಹುಡುಗೀನ ಬಿಡಿಸಿ ಬ್ಯಾರೆಯವರನ್ನ ಇಟ್ಟಕೋತೇನಿ.”

ಆ ಹುಡುಗಿ ಶಿವಲೀಲಾ, ಕಚೇರಿಯ ಗುಮಾಸ್ತೆ. ಸಾಹುಕಾರರು ಹೊರಗೆ ಹೋದ ಮೇಲೆ ಮೆಲ್ಲಗೆ ಹೇಳಿದಳು: “ವರ್ಷದ ಅಮಾಸಿ ಎಲ್ಲಾ ಸಂಜಿಗೆ ಸರಿಸಿಟ್ಟೇನ್ರಿ ಸರ. ತಾನ ಮತ್ತ ಮುಂಜಾನಿ ಹತ್ತಕ್ಕ ವಾಪಸ್ ಬರತೈತಿ. ಯಾರೂ ನಂಬವಲ್ರು.”

ಸಾಫ್ಟ್‌ವೇರನ್ನು ಅಳಿಸಿ ಮತ್ತೆ ಹಾಕಿದೆ, ಗಡಿಯಾರದ ಸೆಟ್ಟಿಂಗ್ ನೋಡಿದೆ, ಎಲ್ಲವೂ ಸರಿಯಿತ್ತು. ಕೇಳಲು ಹಿರಿಯ ಸಹೋದ್ಯೋಗಿಗಳಿರಲಿಲ್ಲ. ಹಾವೇರಿ ಬಸ್ಸಿನಲ್ಲಿ ಕುಳಿತು, ನನಗೆ ತಿಳಿಯದ್ದಕ್ಕೆ ಅವಳ ಕೆಲಸ ಹೋಗುವುದೇ ಎಂದು ಚಿಂತಿಸಿದೆ.

ಮುಂದಿನ ಭೇಟಿಯಲ್ಲಿ ಸಾಫ್ಟ್‌ವೇರ್ ತೆರೆಯಲಿಲ್ಲ. ಸಾಹುಕಾರರನ್ನೇ ಕೇಳಿದೆ: “ಬೆಳಗಿನ ಸಭಾದ ಹೊತ್ತು ನೀವೇನರ ಬದಲಿ ಮಾಡತೀರೇನ್ರಿ?”

“ಮಾಲು ಜಾಸ್ತಿ ಬರಾಕತ್ರ ಅರ್ಧ ತಾಸು ಮುಂದಕ್ಕ ಹಾಕತೇನಿ. ಅದ್ರಾಗೇನೈತಿ?”

ಇದ್ದದ್ದೇ ಅದರಲ್ಲಿ. ದಿನವೂ ಮರುಕಳಿಸುವ ಸಭೆಯ ಇಡೀ ಸರಣಿಯ ಹೊತ್ತು ಬದಲಿಸಿದರೆ, ಬಿಡಿ ದಿನಗಳಿಗೆ ಮಾಡಿದ ಬದಲಾವಣೆಗಳೆಲ್ಲ ರದ್ದಾಗುತ್ತವೆ. ಎಚ್ಚರಿಕೆಯ ಸಂದೇಶ ಬರುತ್ತದೆ. ಅವರು ಓದದೆ ಓಕೆ ಒತ್ತುತ್ತಿದ್ದರು. ಅವರೆದುರೇ ಮಾಡಿ ತೋರಿಸಿದೆ.

“ಅಂದ್ರ ಓಕೆ ಒತ್ತಿದ ಬಟ್ಟು ನಂದ ಅನ್ನು.”

“ಬಟ್ಟು ನಿಮ್ಮದರಿ, ತಪ್ಪು ಸಾಫ್ಟ್‌ವೇರಿಂದರಿ,” ಎಂದೆ.

ಅವರು ಶಿವಲೀಲಾಳ ಕಡೆ ತಿರುಗಿದರು. “ಇನ್ನ ಮ್ಯಾಲೆ ನೀನ ನೋಡಕೋವಾ. ನನ್ನ ಕೈಗೆ ಕೊಡಬ್ಯಾಡ.” ಕ್ಯಾಲೆಂಡರ್ ಬದಲಿಸುವ ಅಧಿಕಾರವನ್ನು ಅವಳಿಗೆ ಮಾತ್ರ ಇಟ್ಟು, ಸಾಹುಕಾರರಿಗೆ ನೋಡುವಷ್ಟೇ ಅನುಮತಿ ಕೊಟ್ಟು ಬಂದೆ.

ಮುಂದಿನ ಅಮಾವಾಸ್ಯೆ ದೂರಿಲ್ಲದೆ ಕಳೆಯಿತು. ಪೂಜೆಯ ದಿನ ಯಾರೂ ನನ್ನನ್ನು ಕೆಲಸಕ್ಕೆ ಕರೆಯುವುದಿಲ್ಲ. ಬಾಡಿಗೆ ಕೋಣೆಯಲ್ಲಿ ಸುಮ್ಮನೆ ಕುಳಿತಿದ್ದೆ. ಯಂತ್ರಕ್ಕಿಂತ ಮೊದಲು ಅದನ್ನು ಬಳಸುವವರ ದಿನಚರಿಯನ್ನು ಕೇಳಬೇಕೆಂಬುದು ಆ ಪ್ರಕರಣ ಕಲಿಸಿದ ಪಾಠ. ನನ್ನ ದಿನಚರಿಯನ್ನು ಯಾರೂ ಕೇಳಿರಲಿಲ್ಲ ಎಂದುಕೊಂಡಿದ್ದೆ.

ಸಂಜೆ ನನ್ನ ಕ್ಯಾಲೆಂಡರಿಗೆ ಶಿವಲೀಲಾಳಿಂದ ಆಹ್ವಾನಗಳು ಬಂದವು: “ಅಮಾಸಿ ಪೂಜಿ. ಊಟ ಇಲ್ಲೇ ಸರ.” ಅಮಾವಾಸ್ಯೆಗೊಮ್ಮೆ ತಾನೇ ಮರುಕಳಿಸುವ ಆಯ್ಕೆ ಆ ಸಾಫ್ಟ್‌ವೇರಿನಲ್ಲಿಲ್ಲ. ವರ್ಷದ ಉಳಿದ ಅಮಾವಾಸ್ಯೆಗಳನ್ನೆಲ್ಲ ಅವಳು ಒಂದೊಂದಾಗಿ ಕೈಯಿಂದ ಹಾಕಿದ್ದಳು.