ಕಲಘಟಗಿಯ ಕಪಾಟಿನಲ್ಲಿ ಸ್ವೀಡನ್ನಿನ ಹೆಣಗಳು

ಕಳೆದ ಜುಲೈ ತಿಂಗಳ ಒಂದು ರವಿವಾರ ಬೆಳಿಗ್ಗೆ ಏಳೂವರೆಗೆ ಅಣ್ಣಿಗೇರಿಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದೆ. ಹೋಗಬೇಕಾದದ್ದು ಕಲಘಟಗಿಗೆ. ಒಟ್ಟು ಅರವತ್ತೈದು ಕಿಲೋಮೀಟರಿನ ಆಸುಪಾಸು, ನಡುವೆ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಬೇಕು. ಇಷ್ಟಕ್ಕೆ ಪ್ರವಾಸ ಎಂಬ ದೊಡ್ಡ ಹೆಸರು ಯಾಕೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಂಡು ಅರವತ್ತೈದು ಕಿಲೋಮೀಟರು ಹೋಗಿ ಬಂದವರಿಗೆ ಮಾತ್ರ ಅದರ ದೂರ ಗೊತ್ತು.

ನಾನು ಪತ್ತೇದಾರಿ ಕಾದಂಬರಿ ಬರೆಯುವವನು. ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದೆ. ಆ ನಡುವೆ ಹನ್ನೊಂದು ಕಾದಂಬರಿಗಳು ಅಚ್ಚಾದವು. ಹನ್ನೊಂದರಲ್ಲೂ ನನ್ನ ಇನ್‌ಸ್ಪೆಕ್ಟರ್ ರುದ್ರಗೌಡ ಕೊಲೆಗಾರನನ್ನು ಹಿಡಿದೇ ಹಿಡಿದಿದ್ದಾನೆ. ಹನ್ನೊಂದನ್ನೂ ಎಲ್ಲರಿಗಿಂತ ಮೊದಲು, ಹಸ್ತಪ್ರತಿಯಲ್ಲೇ ಓದಿದವಳು ಗಿರಿಜಾ, ನನ್ನ ಗೆಳೆಯನ ಮಗಳು. ಒಂಬತ್ತನೇ ಇಯತ್ತೆಯಲ್ಲಿದ್ದಾಗ ನನ್ನ ಮೊದಲ ಕಾದಂಬರಿ ಓದಿ, "ಕಾಕಾ, ವಿಷಾ ಹಾಕಿದಾಕಿ ಅವತ್ತ ಊರಾಗ ಇರಲಿಲ್ಲಲ್ರಿ?" ಎಂದು ಕೇಳಿದ್ದಳು. ಆ ಒಂದು ಪ್ರಶ್ನೆ ನನ್ನ ಮಾನ ಉಳಿಸಿತು. ಈಗ ಅವಳು ಕಲಘಟಗಿಯಲ್ಲಿ ತೊಟ್ಟಿಲು ಮಾಡುವ ಮನೆಯ ಸೊಸೆ, ಅಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ.

ಹನ್ನೆರಡನೆಯ ಕಾದಂಬರಿ ಮುಗಿಸಿ ಫೋನು ಮಾಡಿದರೆ, "ಸ್ವಲ್ಪ ತಡೀರಿ ಕಾಕಾ, ಸ್ವೀಡನ್ದಾಗ ಸಿಕ್ಕೊಂಡೇನಿ" ಎಂದಳು. ತಿಂಗಳು ಬಿಟ್ಟು ಮಾಡಿದರೆ ನಾರ್ವೆಯಲ್ಲಿದ್ದಳು. ಮೂರನೆಯ ಸಲ ಐಸ್‌ಲ್ಯಾಂಡು. ಆ ದೇಶಗಳವರು ಬರೆದ ಕೊಲೆ ಕಾದಂಬರಿಗಳು ಅವಳನ್ನು ಹಾಗೆ ಹಿಡಿದುಕೊಂಡಿದ್ದವು. ನಾಲ್ಕನೆಯ ಸಲ ನಾನು ಫೋನು ಮಾಡಲಿಲ್ಲ. ಹಸ್ತಪ್ರತಿಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಕೊಂಡು ನಾನೇ ಹೊರಟೆ. ಅವಳು ಓದದೆ ಪ್ರಕಾಶಕರಿಗೆ ಕಳಿಸುವ ಧೈರ್ಯ ನನಗಿಲ್ಲ. ಅವಳನ್ನು ಬಿಟ್ಟರೆ ಬೇರೆ ಓದುಗರು ಉಳಿದಿದ್ದಾರೆಂಬ ಭರವಸೆಯೂ ಇಲ್ಲ.

ಬಸ್ಸಿನ ತುಂಬ ಆಧಾರ್ ಕಾರ್ಡು ಹಿಡಿದ ಹೆಣ್ಣುಮಕ್ಕಳು. ದುಡ್ಡು ಕೊಟ್ಟು ಟಿಕೆಟ್ ತೆಗೆದವರು ನಾವು ನಾಲ್ಕೈದು ಗಂಡಸರು, ಅದೂ ನಿಂತುಕೊಂಡು. ನಲವಡಿ ದಾಟುವ ತನಕ ಎರೆಹೊಲಗಳಲ್ಲಿ ಹೆಸರಿನ ಪೈರು ಗೇಣುದ್ದ ಎದ್ದು ನಿಂತಿತ್ತು. ಹುಬ್ಬಳ್ಳಿಯಲ್ಲಿ ಒಂದು ಪ್ಲೇಟು ಚುರುಮುರಿ ಒಗ್ಗರಣಿ, ಎರಡು ಮಿರ್ಚಿ ಭಜಿ, ಅರ್ಧ ಕಪ್ ಚಹಾ ಮುಗಿಸಿ ಕಲಘಟಗಿ ಬಸ್ಸು ಹಿಡಿದೆ. ಊರು ದಾಟಿದ ಮೇಲೆ ಜಿಟಿಜಿಟಿ ಮಳೆ ಸುರುವಾಯಿತು. ಪಕ್ಕದಲ್ಲಿ ಕುಳಿತ ಮಿಶ್ರಿಕೋಟಿಯ ರೈತರೊಬ್ಬರು ನನ್ನ ಕೆಂಪು ಗಂಟನ್ನು ಬಹಳ ಹೊತ್ತು ನೋಡಿದರು.

"ಯಜಮಾನ್ರ, ಇವತ್ತ ರವಿವಾರ. ಕೋರ್ಟು ಬಂದ್ ಇರತೈತ್ರಿ."

"ಕೋರ್ಟಿನ ಕಾಗದ ಅಲ್ರಿ ಇದು. ಕೊಲೆ ಕತಿ. ನಾನ ಬರದದ್ದು."

"ಬರದದ್ದ ಹೌದಲ್ರಿ? ಮಾಡಿದ್ದಲ್ಲಲ್ಲಾ?" ಎಂದು ನಕ್ಕು, ಮಿಶ್ರಿಕೋಟಿ ಕ್ರಾಸಿನಲ್ಲಿ ಇಳಿದುಹೋದರು. ಆ ದಿನ ನನ್ನ ಕಾದಂಬರಿಯ ಬಗ್ಗೆ ತಾವಾಗಿ ವಿಚಾರಿಸಿದವರು ಅವರೊಬ್ಬರೇ.

ಗಿರಿಜಾಳ ಮನೆಯ ಪಡಸಾಲೆಯಲ್ಲಿ ಅರ್ಧ ಬಣ್ಣವಾದ ತೊಟ್ಟಿಲೊಂದು ನಿಂತಿತ್ತು. ಅವಳ ಅತ್ತೆ ನೆಲಕ್ಕೆ ಕುಳಿತು ಅದರ ಪಟ್ಟಿಗೆ ಗಿಳಿ ಬರೆಯುತ್ತಿದ್ದರು. "ಬರ್ರಿ ಕಾಕಾ, ಹೇಳದ ಕೇಳದ ಬಂದ್ರೆಲ್ಲಾ!" ಎಂದು ಗಿರಿಜಾ ಓಡಿ ಬಂದಳು. ಸಂತೋಷ ಖರೆಯೇ ಇತ್ತು. ಆದರೆ ನನ್ನ ಕಣ್ಣು ಕಪಾಟಿನ ಕಡೆ ಹೋಗಿತ್ತು. ಮೇಲಿನ ಮೂರು ಸಾಲು ಆ ದೇಶಗಳವರದೇ: ಹಿಮ, ಕೆರೆ, ಒಂಟಿ ಮನೆ ಇರುವ ಬಿಳಿ, ನೀಲಿ ರಟ್ಟುಗಳು. ಸ್ವೀಡನ್ನಿನ ಒಬ್ಬನ ಒಂಬತ್ತು, ನಾರ್ವೆಯವನ ಏಳು, ಐಸ್‌ಲ್ಯಾಂಡಿನ ಒಬ್ಬಾಕೆಯ ಐದು. ಈ ಮಹಾಶಯರ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಕೊಂಡು ಓದುತ್ತೀರಿ. ನನ್ನ ಹನ್ನೊಂದು ಪುಸ್ತಕಗಳು ಎಲ್ಲಕ್ಕಿಂತ ಕೆಳಗೆ, ಇಸ್ತ್ರಿ ಮಾಡಿದ ಸೀರೆಗಳ ಹಿಂದೆ ಇದ್ದವು.

ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಎರಡನೆಯ ರೊಟ್ಟಿಗೆ ನನ್ನ ತಾಳ್ಮೆ ಮುಗಿಯಿತು.

"ಅಂಥಾದ್ದೇನವಾ ಐತಿ ಅದರಾಗ? ನಮ್ಮ ರುದ್ರಗೌಡಗ ಏನ ಕಡಿಮಿ ಆಗೇತಿ?"

"ರುದ್ರಗೌಡರಿಗೆ ಎಂದಾರ ಜ್ವರಾ ಬಂದಾವೇನ್ರಿ ಕಾಕಾ? ಹನ್ನೊಂದು ಪುಸ್ತಕದಾಗ ಒಮ್ಮೆರ ಕುಂತು ಊಟಾ ಮಾಡ್ಯಾರೇನು? ಅಲ್ಲಿ ಪೊಲೀಸಂವ ಮನಿಗೆ ಬಂದು ತಂಗಳಾ ತಿಂತಾನ್ರಿ. ಮಗಳು ಫೋನ್ ಎತ್ತಂಗಿಲ್ಲ ಅವನದು. ಕೊಂದಂವ ಸಿಕ್ಕರೂ ಅವಗ ನಿದ್ದಿ ಬರಂಗಿಲ್ಲ."

"ಕೊಂದಂವ ಸಿಕ್ಕಮ್ಯಾಲೆ ನಿದ್ದಿ ಬರಬೇಕಲ್ಲ?"

"ಅದ ನೋಡ್ರಿ ಫರಕ್. ಅಗದಿ ನೀಟ ದೇಶ, ಎಲ್ಲಾ ಸೌಲತ್ತು ಐತಿ, ಯಾರಿಗೂ ಹಸಿವಿಲ್ಲ. ಆದ್ರೂ ಯಾಕ ಕೊಂದ? ಊರಿಗೆ ಊರ ಗೊತ್ತಿದ್ದೂ ಯಾಕ ಸುಮ್ನ ಕುಂತಿತ್ತು? ಅದನ್ನ ಸಾವಕಾಶ ಬಿಚ್ಚತಾರ್ರಿ." ಆಮೇಲೆ ದನಿ ತಗ್ಗಿಸಿದಳು. "ಮತ್ತೊಂದ ಹೇಳಲಿ? ಅಲ್ಲಿ ಒಬ್ಬಾಕಿ ಮನ್ಯಾಗ ಸತ್ತು ಮೂರು ವಾರ ಆದ್ರೂ ಯಾರೂ ಬಾಗಲಾ ಬಡಿಯಂಗಿಲ್ರಿ. ನಾ ಇಲ್ಲಿ ಒಂದ್ ತಾಸು ಬಾಗಲಾ ಹಾಕ್ಕೊಂಡ್ರ ನಾಕ್ ಮಂದಿ ಬಡೀತಾರ. ಅಷ್ಟು ಖಾಲಿ ಜಾಗಾ, ಅಷ್ಟು ಸುಮ್ಮನಿರೂದು... ಓದಿದ್ರ ಏನೋ ಆರಾಮ ಅನಸತೈತ್ರಿ."

ಹೆಣ ನೋಡಿ ಆರಾಮ ಪಡುವ ಈ ಹುಡುಗಿಯನ್ನು ನಾನೇ ತಯಾರು ಮಾಡಿದ್ದು, ಲಾಭ ಪಡೆದವರು ಬೇರೆಯವರು. ರುದ್ರಗೌಡ ಹನ್ನೊಂದು ಪುಸ್ತಕಗಳಲ್ಲಿ ಒಮ್ಮೆಯೂ ಉಂಡಿಲ್ಲ ಎಂಬುದೂ ಆ ಹೊತ್ತಿಗೆ ನೆನಪಾಗಿ, ಮೂರನೆಯ ರೊಟ್ಟಿ ಬೇಡವೆಂದು ಕೈ ತೊಳೆದೆ.

ಊಟವಾದ ಮೇಲೆ ಹಳಿಯಾಳದ ಕಡೆಯಿಂದ ಯಾರೋ ಸಿದ್ಧವಾಗಿದ್ದ ಬೇರೊಂದು ತೊಟ್ಟಿಲು ಒಯ್ಯಲು ಬಂದರು. ಮನೆಯವರೆಲ್ಲ ಹೊರಗೆ ಹೋದರು. ಒಳಗೆ ನಾನು ಮತ್ತು ಮೇಜಿನ ಮೇಲೆ ಅವಳು ಓದುತ್ತಿದ್ದ ಸ್ವೀಡನ್ನಿನ ಪುಸ್ತಕ. ಅರವತ್ತನೆಯ ಪುಟದಲ್ಲಿ ಹಳೆಯ ಬಸ್ ಟಿಕೆಟಿನ ಗುರುತು ಇತ್ತು. ನನ್ನ ಇಂಗ್ಲಿಷು ಮಂದಗತಿಯದು, ಆದರೂ ಕೊನೆಯ ಎರಡು ಅಧ್ಯಾಯ ಮುಗಿಸಲು ಸಾಕಾಯಿತು. ಕೊಂದವಳು ಊರಿನ ಗ್ರಂಥಾಲಯ ನೋಡಿಕೊಳ್ಳುವ ಇಂಗ್ರಿಡ್. ಅರವತ್ತನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ "ಕೊಂದವಳು ಇಂಗ್ರಿಡ್" ಎಂದು ಬರೆದು, ಪುಸ್ತಕ ಮುಚ್ಚಿಟ್ಟೆ. ಪತ್ತೇದಾರಿ ಓದುಗರಿಗೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ಬರೆಯುವಾಗ ನನಗೆ ಬಹಳ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ? ಕೈಬರಹದಿಂದ ಸಿಕ್ಕಿಬಿದ್ದ ಮೂವರು ಅಪರಾಧಿಗಳನ್ನು ಸ್ವತಃ ಸೃಷ್ಟಿಸಿದ್ದರೂ ನನ್ನ ಕೈಬರಹದ ನೆನಪು ನನಗೆ ಆಗಲಿಲ್ಲ.

ನಾಲ್ಕೂವರೆಗೆ ಬಸ್ ನಿಲ್ದಾಣಕ್ಕೆ ಅವಳೇ ಕಳಿಸಲು ಬಂದಳು. ಓದಲು ನಾನು ಕೊಟ್ಟ ಕೆಂಪು ಗಂಟು ಅವಳ ಕೈಯಲ್ಲಿತ್ತು. ಮಳೆ ನಿಂತಿತ್ತು. ಇಬ್ಬರೂ ಬೆಂಚಿನ ಮೇಲೆ ಕುಳಿತೆವು.

"ಕಾಕಾ, ಅರವತ್ತನೇ ಪುಟಾ ನೋಡಿದೆ."

ನನ್ನ ಮುಖ ಎತ್ತಲು ಆಗಲಿಲ್ಲ. "ತಪ್ಪಾತವಾ," ಎಂದೆ. "ಹೊಟ್ಟಿ ಉರೀತು ನನಗ. ಅವರಿಗೆಲ್ಲಾ ಲಕ್ಷಗಟ್ಟಲೆ ಓದೋರು ಅದಾರ. ನನಗ ನೀ ಒಬ್ಬಾಕಿ."

"ಸುಮ್ನ ತ್ರಾಸ ತಗೊಂಡ್ರಿ," ಎಂದಳು, ಸಿಟ್ಟಿಲ್ಲದೆ. "ಅವನ್ನ ನಾ ಓದೂದ ಕಡೀ ಪುಟದಿಂದ್ರಿ. ಯಾರು ಕೊಂದ್ರು ಅಂತ ಮೊದಲ ನೋಡಿ, ಆಮ್ಯಾಲೆ ಸುರು ಮಾಡತೀನಿ. ಇಂಗ್ರಿಡ್ ಅಂತ ನನಗ ಮೊದಲ ಗೊತ್ತಿತ್ತು."

ನನ್ನ ಎದೆ ಒಮ್ಮೆಲೇ ಹಗುರಾಯಿತು. "ಮತ್ತ ನನ್ನವು?"

"ನಿಮ್ಮವನ್ನ ಎಂದೂ ಹಂಗ ಓದಿಲ್ರಿ."

ಗೆದ್ದೆ ಎನಿಸಿತು. ಸ್ವೀಡನ್ನು, ನಾರ್ವೆ ಎಲ್ಲವೂ ಒಂದು ಕ್ಷಣ ನನ್ನ ಕಾಲ ಕೆಳಗೆ ಇದ್ದವು. ಇನ್ನಷ್ಟು ಹೊಗಳಿಸಿಕೊಳ್ಳುವ ಆಸೆಯಿಂದ, "ಯಾಕವಾ?" ಎಂದೆ.

ಅವಳು ಪಾಠ ಹೇಳುವವಳ ಹಾಗೆ ಸರಳವಾಗಿ ಹೇಳಿದಳು. "ಹೆಸರು ಗೊತ್ತಾದ್ರ ಮುಂದ ಓದಾಕ ಏನ ಉಳೀತೈತ್ರಿ ಕಾಕಾ ಅದರಾಗ?"

ಹುಬ್ಬಳ್ಳಿ ಬಸ್ಸು ಬಂತು. ಹತ್ತಿದೆ, ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಡ್ರೈವರ್ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದಾಗ ಹೊರಗೆ ನೋಡಿದೆ. ಗಿರಿಜಾ ಮನೆಗೆ ಹೋಗಿರಲಿಲ್ಲ. ಬೆಂಚಿನ ಮೇಲೆ ಕೆಂಪು ಬಟ್ಟೆ ಬಿಚ್ಚಿ, ಹಾಳೆಗಳ ಕಟ್ಟನ್ನು ಬೋರಲು ಹಾಕಿ, ಎಲ್ಲಕ್ಕಿಂತ ಕೊನೆಯ ಹಾಳೆಯನ್ನು ಎಳೆದು ತೆಗೆದಳು. ಓದಿದಳು. ಪಕ್ಕಕ್ಕಿಟ್ಟಳು. ಕಟ್ಟನ್ನು ಮತ್ತೆ ನೆಟ್ಟಗೆ ತಿರುಗಿಸಿ ಅದರ ಮೇಲೆ ಕೈ ಇಟ್ಟಳು. ಮೊದಲ ಹಾಳೆ ಎತ್ತಿಕೊಳ್ಳುವುದಕ್ಕೋ, ಬಟ್ಟೆ ಕಟ್ಟುವುದಕ್ಕೋ ನೋಡೋಣವೆಂದು ನಾನು ಸೀಟಿನಿಂದ ಅರ್ಧ ಎದ್ದೆ. ಅಷ್ಟರಲ್ಲಿ ಬಸ್ಸು ರಸ್ತೆಗೆ ತಿರುಗಿತು.